ಕೈ ಯಾರ ಪಾಲಿಗೆ?

ಮ್ಯೂಸಿಯಂನ ಬಾಗಿಲು ದಾಟಿದ ಕೂಡಲೇ ಮೇಣದ ಹೊಗೆ ಹೀರಿದ ಹಳೆಯ ಮರದ ವಾಸನೆ ಮೂಗಿಗೆ ಬಡಿಯಿತು. ಮಗಳ ಜೊತೆ ಗ್ರೀಸಿಗೆ ಪ್ರವಾಸ ಹೋಗಿದ್ದೆ. ಅದು ಅಲ್ಲಿನ ಸಣ್ಣ ಊರೊಂದರ ಬೈಜಾಂಟೈನ್ ಕಾಲದ ಕ್ರೈಸ್ತ ಕಲೆಯ ಸಂಗ್ರಹಾಲಯ. ಎದುರಿಗೇ, ಮರದ ಹಲಗೆಯ ಮೇಲೆ ಬರೆದ ಮೇರಿ ಮಾತೆ, ತೋಳಲ್ಲಿ ಮಗು. "ಎಷ್ಟು ಚೆಂದ ಅಲ್ವಾ ಅಮ್ಮ?" ಎಂದಳು ಮಗಳು. ನಾನು ಗಾಜಿನ ಹತ್ತಿರಕ್ಕೆ ಸರಿದೆ.

ಇಂಥದೇ ಹಲಗೆಯನ್ನು ಎಂಬತ್ತರ ದಶಕದಲ್ಲಿ ಬಹ್ರೇನಿನಲ್ಲಿ ನೋಡಿದ್ದೆ. ಮಂಗಳೂರಿನ ಕ್ರೈಸ್ತ ದಂಪತಿಯ ಫ್ಲ್ಯಾಟಿನಲ್ಲಿ ನನಗೊಂದು ಬಾಡಿಗೆ ಕೋಣೆ. ನಮ್ಮ ಕಡೆಯ ರೂಢಿಯಂತೆ ಗಂಡನನ್ನು ಪೊರ್ಬುಗಳು, ಹೆಂಡತಿಯನ್ನು ಬಾಯಮ್ಮ ಎನ್ನುತ್ತಿದ್ದೆ. ಪೊರ್ಬುಗಳಿಗೆ ಮೀನಾ ಸಲ್ಮಾನ್ ಬಂದರಿನ ಗೋದಾಮಿನಲ್ಲಿ ಕೆಲಸ. ಗ್ರೀಕ್ ಹಡಗಿನ ಮುದಿ ನಾವಿಕನೊಬ್ಬ ಕೊಟ್ಟ ಆ ಹಲಗೆಯನ್ನು ಬಾಯಮ್ಮ ದೇವರ ಪೀಠದ ಮೇಲಿಟ್ಟರು. ಅವರ ಒಂದೇ ಮಗು ಅಲ್ಲೇ ಹುಟ್ಟಿ, ವಾರದೊಳಗೆ ಅಲ್ಲೇ ಮಣ್ಣಾಗಿತ್ತು. ಸಂಜೆಯ ಜಪಸರದ ಪ್ರಾರ್ಥನೆ ಮುಗಿದ ಮೇಲೂ ಅವರೊಬ್ಬರೇ ಕೂತು, ಚಿತ್ರದ ಮಗುವನ್ನು ಹಿಡಿದ ಮಾತೆಯ ಕೈಯನ್ನು ಸವರುತ್ತಾ ಏನೋ ಮಾತಾಡುತ್ತಿದ್ದರು... ಕೊಂಕಣಿಯಲ್ಲಿ, ಮೆಲ್ಲಗೆ.

ಪೊರ್ಬುಗಳಿಗೆ ತಮ್ಮನನ್ನು ಕರೆಸಿಕೊಳ್ಳುವ ಹುಚ್ಚು. ವೀಸಾಕ್ಕೆ ಕಂಪನಿಯ ಇಬ್ಬರು ಸಾಹೇಬರ ಒಪ್ಪಿಗೆ ಬೇಕು. ಇಬ್ಬರನ್ನೂ ಊಟಕ್ಕೆ ಕರೆದರು. ಇಬ್ಬರ ಕಣ್ಣೂ ಹಲಗೆಯ ಮೇಲೆ ಬಿತ್ತು.

ಮರುದಿನ ನೋಡಿದರೆ ಈ ಮನುಷ್ಯ ಬಾಲ್ಕನಿಯಲ್ಲಿ ಗರಗಸ ಹಿಡಿದು ಕೂತಿದ್ದ! ಮೊದಲು ಭಕ್ತಿಯಿಂದ ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ಹಲಗೆಯನ್ನು ಕೊಯ್ದ. ಥೂ! ಈಗಲೂ ಆ ಕರಕರ ಸದ್ದು ನೆನೆದರೆ ಮೈ ಉರಿಯುತ್ತದೆ.

"ಎಂತ ಪೊರ್ಬುಗಳೇ ಇದು?" ಎಂದು ಕಿರುಚಿದೆ.

"ಒಬ್ಬರಿಗೆ ಕೊಟ್ರೆ ಇನ್ನೊಬ್ಬರಿಗೆ ಬೇಜಾರಾಗ್ತದಲ್ಲ ಮಾರಾಯ್ತಿ. ಒಬ್ಬರಿಗೆ ತಾಯಿ, ಒಬ್ಬರಿಗೆ ಮಗು. ಇಬ್ಬರೂ ಖುಷಿ."

ಇಗರ್ಜಿಯ ಪೂಜೆ ಮುಗಿಸಿ ಬಂದ ಬಾಯಮ್ಮ ನೆಲದ ಮೇಲಿನ ಮರದ ಹುಡಿ ನೋಡಿದರು. ಅಳಲಿಲ್ಲ. ನನಗೂ ತಿಳಿಯಲಿ ಎಂಬಂತೆ ಗಂಡನನ್ನು ಕನ್ನಡದಲ್ಲೇ ಕೇಳಿದರು: "ಕೈ ಯಾರ ಪಾಲಿಗೆ ಹೋಯ್ತು?"

"ಮಗುವಿನ ಕಡೆ ಉಂಟು. ಎಂತ ಮಾಡುದು, ಗೆರೆ ಅಲ್ಲಿಗೇ ಬಂತು," ಎಂದ ಆ ಪುಣ್ಯಾತ್ಮ.

ಅವತ್ತು ಸಂಜೆ ಜಪಸರ ಹೇಳಿಸಿದ್ದೂ ಅವನೇ, ಗಂಟಲು ಹರಿಯುವಂತೆ. ಬಾಯಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ವೀಸಾ ಸಿಕ್ಕಿತು, ತಮ್ಮ ಬಂದಿಳಿದ, ಕೇಕು ಕತ್ತರಿಸಿದರು. ಆ ಚಾಕು ನೋಡಿಯೇ ನಾನು ಎದ್ದು ನನ್ನ ಕೋಣೆಗೆ ಹೋದೆ. ಆಮೇಲೆ ಊರಿಗೆ ಹೋದ ಬಾಯಮ್ಮ ಮತ್ತೆ ಬರಲಿಲ್ಲ. ಆತ ಕರೆದ, ಅವರು ಒಪ್ಪಲಿಲ್ಲ. ಮಗುವಿನ ಗೋರಿಗೆ ಹೂವಿಡುವವರೂ ಇಲ್ಲವಾದರು...

ಮ್ಯೂಸಿಯಂನ ಗಾಜಿನ ಹಿಂದೆ ನಾನು ಮೊದಲು ಹುಡುಕಿದ್ದು ಕೈಯನ್ನೇ. ಇತ್ತು. ತಾಯಿಯ ತೋಳಿಗೇ ಸೇರಿಕೊಂಡು, ಮಗುವನ್ನು ಬಿಗಿಯಾಗಿ ಹಿಡಿದಿತ್ತು. ಬಾಯಮ್ಮನನ್ನು ಕೂಗಿ ತೋರಿಸಬೇಕೆನಿಸಿತು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ತಾಯಿ ಮಂಗಳೂರಿನ ಮಣ್ಣಿನಲ್ಲಿದ್ದಾರೆ, ಮಗು ಬಹ್ರೇನಿನ ಮಣ್ಣಿನಲ್ಲಿ.