ಅಧ್ಯಕ್ಷರ ಜೇಬಿನಲ್ಲೊಂದು ನೋಟಿಸು

ಸಭೆಗೆ ಹೋಗದಿದ್ದರೆ ಏನಾಗುತ್ತದೆ? ಅಧ್ಯಕ್ಷರಾಗುತ್ತೀರಿ!

ನನಗೆ ಆದದ್ದೂ ಅದೇ. ಬಳ್ಳಾರಿಯ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆ ನಡೆದ ಭಾನುವಾರ ನಾನು ಸಿರುಗುಪ್ಪದಲ್ಲಿ ಮದುವೆ ಊಟ ಮಾಡುತ್ತಿದ್ದೆ. ಸಂಜೆ ಬಸ್ಸಿಳಿದು ಬಂದರೆ ಓಣಿಯ ತುಂಬ ‘ನಮಸ್ಕಾರ ಅಧ್ಯಕ್ಷರೇ’. ಬೇಡವೆನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಶಾಲು ಹೊದಿಸಿಬಿಟ್ಟರು. (ಶಾಲು ಹೊದ್ದವರು ಬೇಡ ಅಂದದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ?)

ಮೊದಲ ವಾರ ಮಜವಾಗಿಯೇ ಇತ್ತು. ನಡುವಿನ ಕುರ್ಚಿ ನನ್ನದು. ಹಾಲಿನವನೂ ಸಲಾಂ ಹೊಡೆಯತೊಡಗಿದ. ಎರಡನೇ ವಾರ ಸಂಘದ ಕಾರ್ಯದರ್ಶಿ ಪಂಪಾಪತಿ ಮೇಷ್ಟ್ರು ಒಂದು ನೋಟಿಸು ತಂದರು.

“ಕಮಿಟಿಯವ್ರೆಲ್ಲ ಒಪ್ಪ್ಯಾರ ಸಾರ್. ನಿಮ್ದೊಂದು ಸಹಿ ಬಿದ್ರ ಬೋರ್ಡಿಗೆ ಹಚ್ಚಿಬಿಡ್ತೀನಿ.”

ಓದಿದೆ. ನೀರು ಬಿಟ್ಟಾಗ ಯಾರೂ ಪೈಪಿಗೆ ನೇರವಾಗಿ ಮೋಟಾರ್ ಹಚ್ಚಿ ಎಳೆಯಬಾರದು, ಹಚ್ಚಿದ್ದು ಕಂಡರೆ ಸಂಘದವರೇ ಬಂದು ಬಿಚ್ಚಿಸುತ್ತಾರೆ. ನ್ಯಾಯವಾದ ಮಾತು. ನಮ್ಮಲ್ಲಿ ನಳದ ನೀರು ಬರುವುದೇ ವಾರಕ್ಕೊಮ್ಮೆ. ಮುಂದಿನ ಮನೆಗಳವರು ಮೋಟಾರ್ ಹಾಕಿ ಎಳೆದರೆ ಓಣಿಯ ಕೊನೆಯ ಮನೆಯ ನಳ ಬರೀ ಗಾಳಿ ಊದುತ್ತದೆ. ಆ ಕೊನೆಯ ಮನೆ ಈರಮ್ಮನವರದು. ಕುರುಗೋಡಿಗೆ ಕೊಟ್ಟ ಅವರ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಈಗ ಹತ್ತು ದಿನದ ಹಸಿ ಬಾಣಂತಿ.

ಪೆನ್ನು ತೆಗೆದೆ. ಒಳಗಿನಿಂದ ಹೆಂಡತಿಯ ದನಿ ಬಂತು: “ರೀ, ಸಹಿ ಹಾಕೋಕಿಂತ ಮೊದ್ಲು ಒಂದ್ಸಲ ಗೇಟಿನ ಕಡಿ ನೋಡ್ರಿ.”

ನೋಡಿದೆ. ಬೋರಲು ಹಾಕಿದ ಪ್ಲಾಸ್ಟಿಕ್ ಬುಟ್ಟಿಯ ಕೆಳಗೆ ನಮ್ಮದೇ ಮೋಟಾರ್ ತಣ್ಣಗೆ ಕೂತಿತ್ತು.

“ಭಾಷಾ ಸರಿ ಇಲ್ಲ ಮೇಷ್ಟ್ರೇ. ತಿದ್ದಿ ತರ್ರಿ” ಎಂದೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವರಿಗೆ! ಪಾಪ, ತಿದ್ದಲು ತೆಗೆದುಕೊಂಡು ಹೋದರು.

ನನ್ನ ಮಗಳು ಕಾಂಪಿಟೇಟಿವ್ ಎಕ್ಸಾಮಿಗೆ ಓದುತ್ತಿದ್ದಾಳೆ. ಅವತ್ತು ಅವಳ ಮುಂದಿದ್ದದ್ದು ರಾಷ್ಟ್ರಪತಿಗಳ ಅಧ್ಯಾಯ. ನಕ್ಕಳು.

“ಅಪ್ಪಾ, ಥೇಟ್ ರಾಷ್ಟ್ರಪತಿ ಕೆಲ್ಸ ಮಾಡಿದಿ ನೋಡು. ಸಂಸತ್ತು ಪಾಸು ಮಾಡಿದ ಸಾಮಾನ್ಯ ಬಿಲ್ಲನ್ನ ಅವರು ಒಂದ್ಸಲ ವಾಪಸ್ ಕಳಿಸಬೌದು. ಅದ್ನ ಮತ್ತ ಪಾಸು ಮಾಡಿ ಕಳಿಸಿದ್ರ ಒಪ್ಪಿಗಿ ಕೊಡ್ಲೇಬೇಕು.”

ಪುಸ್ತಕ ಇಸಿದುಕೊಂಡು ಓದಿದೆ. ದೇಶದಲ್ಲೇ ದೊಡ್ಡ ಕುರ್ಚಿ. ಮೂರೂ ಸೇನೆಗೆ ಅವರೇ ಮಹಾದಂಡನಾಯಕರು. ಗಲ್ಲು ಶಿಕ್ಷೆ ಮಾಫಿ ಮಾಡುವವರೂ ಅವರೇ. ಆದರೆ ಹೆಚ್ಚುಕಮ್ಮಿ ಎಲ್ಲವೂ ಮಂತ್ರಿಮಂಡಲದ ಸಲಹೆಯಂತೆ! ಅಷ್ಟು ದೊಡ್ಡವರಿಗೇ ಇಷ್ಟು ಬಿಗಿ ಇರುವಾಗ ಓಣಿಯ ಅಧ್ಯಕ್ಷ ಯಾವ ಲೆಕ್ಕ? ಆದರೂ ಒಂದು ಸಂಶಯ ಉಳಿಯಿತು.

“ಒಪ್ಪಿಗಿ ಕೊಡಾಕ ಗಡುವು ಏನರ ಐತೇನವ್ವಾ?”

“ಇಷ್ಟೇ ದಿನದಾಗ ಅಂತ ಸಂವಿಧಾನದಾಗ ಬರದಿಲ್ಲಪ್ಪ.”

ಆಹಾ!

ಸಂಜೆ ಮೇಷ್ಟ್ರು ಮತ್ತೆ ಹಾಜರ್. ನೋಟಿಸಿನಲ್ಲಿ ಒಂದೇ ಒಂದು ಅಲ್ಪವಿರಾಮ ಬದಲಾಗಿತ್ತು. “ನೋಡ್ತೀನಿ ಬಿಡ್ರಿ” ಎಂದು ಮಡಚಿ ಅಂಗಿಯ ಜೇಬಿಗಿಟ್ಟೆ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಧಿಕಾರ ಅಂದರೆ ಏನಾದರೂ ಮಾಡುವುದು ಎಂದು ಇಷ್ಟು ದಿನ ತಿಳಿದಿದ್ದೆ. ಏನೂ ಮಾಡದೆ ಕೂರುವುದೇ ಅದಕ್ಕಿಂತ ದೊಡ್ಡ ಅಧಿಕಾರ ಸ್ವಾಮಿ! ಬೆವರು ಬರುವುದಿಲ್ಲ, ಕೆಟ್ಟ ಹೆಸರೂ ಬರುವುದಿಲ್ಲ. ‘ಫೈಲು ಸಾಹೇಬರ ಟೇಬಲ್ ಮೇಲಿದೆ’ ಅಂತ ಕೇಳಿ ಕೇಳಿ ವಾಪಸಾದ ನಿಮಗೆ ನಾನೇನು ಬಿಡಿಸಿ ಹೇಳಬೇಕೆ?

ನಾಲ್ಕನೇ ದಿನ ಬೆಳಿಗ್ಗೆ ನೀರು ಬಂತು. ಓಣಿಯುದ್ದಕ್ಕೂ ಮೋಟಾರುಗಳ ಗುಂಯ್‌ಗುಡುವಿಕೆ. ನಮ್ಮದೂ ಸೇರಿತು. ಸಂಪು ತುಂಬಿತು, ಮೇಲಿನ ಟ್ಯಾಂಕ್ ತುಂಬಿತು, ಅಂಗಳಕ್ಕೂ ನೀರು ಹೊಡೆದದ್ದಾಯಿತು. ನೀರು ನಿಂತ ಸ್ವಲ್ಪ ಹೊತ್ತಿಗೆ ಗೇಟು ಸದ್ದಾಯಿತು. ಈರಮ್ಮ. ಎರಡೂ ಕೈಯಲ್ಲಿ ಖಾಲಿ ಕೊಡ.

ಬೈಯಲು ಬಂದರು ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಜಗಳಕ್ಕಾದರೆ ನನ್ನಲ್ಲಿ ಉತ್ತರಗಳಿದ್ದವು.

“ಬಾಣಂತಿಗೆ ಎರೀಬೇಕ್ರಿ ಸಾರ್. ಈ ಸಲಾನೂ ನಮ್ಮ ನಳಕ್ಕ ಒಂದು ಹನಿ ಬರಲಿಲ್ಲ. ಎರಡು ಕೊಡ ನೀರು ಕೊಡಸ್ರಿ.”

ಹೆಂಡತಿ ನನ್ನ ಮುಖ ನೋಡಿದಳು. ಎರಡೂ ಕೊಡ ತುಂಬಿದಳು. ಒಂದನ್ನು ನಾನೇ ಹೊತ್ತು ಈರಮ್ಮನ ಹಿಂದೆ ಹೋದೆ. ಅವರ ಬಚ್ಚಲಲ್ಲಿ ಒಲೆಗೆ ಕಟ್ಟಿಗೆ ಒಟ್ಟಿತ್ತು, ಮೇಲಿನ ಹಂಡೆ ಒಣಗಿತ್ತು. ತಲೆಗೆ ಎಣ್ಣೆ ಹಚ್ಚಿಕೊಂಡ ಮಗಳು ಬಾಗಿಲಿಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಕೂಸು ಅಳುತ್ತಿತ್ತು. ನಾಲ್ಕು ದಿನದಿಂದ ನನ್ನ ಜೇಬಿನಲ್ಲಿದ್ದದ್ದು ಬರೀ ಕಾಗದವಲ್ಲ, ಇವರ ನೀರು ಎಂದು ಆಗ ಹೊಳೆಯಿತು. ನಾಚಿಕೆಯಾಯಿತು.

ಈರಮ್ಮ ಕೈಮುಗಿದರು. “ನೀವು ಅಧ್ಯಕ್ಷರಾಗಿದ್ದು ಭಾಳ ಚಲೋ ಆತ್ರಿ. ಮೊದ್ಲು ನಾವು ಯಾರ ಮುಂದ ಹೇಳಬೇಕಿತ್ತು?”

ಮನೆಗೆ ಬಂದವನೇ ಮೋಟಾರ್ ಬಿಚ್ಚಿದೆ, ನೋಟಿಸಿಗೆ ಸಹಿ ಗೀಚಿದೆ. ಮೇಷ್ಟ್ರು ಅದನ್ನು ಬೋರ್ಡಿಗೆ ಹಚ್ಚಿದರು. ಉಳಿದವರು ಬಿಚ್ಚುತ್ತಾರೋ ಇಲ್ಲವೋ, ಮುಂದಿನ ನೀರಿನ ದಿನ ಗೊತ್ತಾಗುತ್ತದೆ.

ರಾಷ್ಟ್ರಪತಿಗಳಿಗಾದರೆ ಸಂಸತ್ತಿದೆ, ಮಂತ್ರಿಮಂಡಲವಿದೆ, ಸಂವಿಧಾನವಿದೆ. ಈರಮ್ಮನ ಪಾಲಿನ ನೀರಲ್ಲೇ ಎರಡು ಕೊಡ ಈರಮ್ಮನಿಗೆ ಕೊಟ್ಟು ಕೈಮುಗಿಸಿಕೊಂಡ ನನ್ನಂಥ ಅಧ್ಯಕ್ಷನಿಗೆ ಮಿತಿ ಹಾಕುವವರು ಯಾರು?