ಒಳಗ ಗಾಳಿ ಅದ

ನಾಳೆ ಬೆಳಗ್ಗೆ ಹತ್ತಕ್ಕೆ ರೇವಣಸಿದ್ದ ನಮ್ಮ ಸೊಸೈಟಿಯ ಸೆಪ್ಟಿಕ್ ಟ್ಯಾಂಕಿಗೆ ಇಳಿಯುತ್ತಾನೆ. ಮಧ್ಯಾಹ್ನದಿಂದ ತಲೆಯಲ್ಲಿ ಇದೊಂದೇ ಕೂತಿದೆ. ಮಗಳು ಅಕ್ಷಯಾಗೆ ಅನ್ನ ಕಲಸುವಾಗಲೂ ಅದೇ, ಅವಳು ಮಲಗಿದ ಮೇಲೆ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವಾಗಲೂ ಅದೇ. ಅವಳಿಗೆ ಎರಡೂವರೆ ವರ್ಷವಾಯಿತು, ಬೆರಳಿಡುವ ಚಾಳಿ ನನಗೆ ಇನ್ನೂ ಹೋಗಿಲ್ಲ.

ಹತ್ತು ದಿನದ ಹಿಂದೆ ಅದೇ ಟ್ಯಾಂಕಿಗೆ ಇಳಿದವರು ರೇವಣಸಿದ್ದನ ಭಾವ ಮಹಾದೇವಪ್ಪ. ಇಳಿದು ನಾಲ್ಕು ನಿಮಿಷ ಆಗಿರಲಿಲ್ಲ, ಸೊಂಟದ ಹಗ್ಗ ಸಡಿಲವಾಯಿತು. ರೇವಣಸಿದ್ದ ಮತ್ತು ವಾಚ್‌ಮನ್ ಸೇರಿ ಎಳೆದು ಮೇಲೆ ಹಾಕಿದಾಗ ಅವರ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬದುಕಿದರು. ಆರು ದಿನ ಆಸ್ಪತ್ರೆಯಲ್ಲಿದ್ದು ಈಗ ಮುಂಬೈ ಹತ್ತಿರದ ದಿವಾದಲ್ಲಿ ತಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಾರಂತೆ, ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ನಾನು ಬರೆಯುತ್ತಿರುವುದು ಅವರ ಕಥೆ. ಅದರಲ್ಲಿ ನನ್ನದೊಂದು ಮಾತು ಸಿಕ್ಕಿಕೊಂಡಿದೆ. ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಹಾದೇವಣ್ಣ ಕಲಬುರಗಿ ಕಡೆಯವರು. ಹನ್ನೆರಡನೇ ವಯಸ್ಸಿಗೇ ಶಹಾಬಾದಿನ ಕಲ್ಲಿನ ಗಣಿಗೆ ಇಳಿದವರು. ಆಮೇಲೆ ಬಾವಿ ತೋಡಿದರು. ಇಪ್ಪತ್ತೆರಡು ವರ್ಷದ ಹಿಂದೆ ದಿವಾಕ್ಕೆ ಬಂದು ಕಲ್ಯಾಣದಲ್ಲಿ ಕಟ್ಟಡದ ಪಾಯ ಅಗೆದರು, ನೆರೂಳದಲ್ಲಿ ಕೇಬಲ್ ಗುಂಡಿ ತೆಗೆದರು, ಈಗ ಗಟಾರ, ಟ್ಯಾಂಕು. "ಮ್ಯಾಲಿನ ಕೆಲಸ ನನಗ ಯಾರೂ ಕೊಡಲೇ ಇಲ್ರಿ ಅಕ್ಕಾರ," ಅಂದಿದ್ದರು ಒಮ್ಮೆ. ಅವರ ಹೆಂಡತಿ ಮಾನಮ್ಮ ನಮ್ಮ ಡೊಂಬಿವಲಿಯ ಬಿಲ್ಡಿಂಗಿನ ಮೆಟ್ಟಿಲು ಒರೆಸುತ್ತಾರೆ. ಕನ್ನಡ ಮಾತಾಡುವವಳು ಅಂತ ನನ್ನ ಮನೆಯಲ್ಲಿ ಚಹಾ ಕುಡಿಯಲು ಕೂರುತ್ತಾರೆ. ಗಂಡ ಕರೆಯಲು ಬಂದರೆ ಅವರಿಗೂ ಒಂದು ಕಪ್ಪು.

ನಾನು ಆಗ ಒಂದು ಆ್ಯಪಿನಲ್ಲಿ ಧಾರಾವಾಹಿ ಕಾದಂಬರಿ ಬರೆಯುತ್ತಿದ್ದೆ. ನಾಲ್ಕು ಜನ ಸಾಹಸಿಗಳು ನೆಲದಡಿಯ ಗವಿಯೊಂದನ್ನು ಹುಡುಕಿಕೊಂಡು ಹೋಗುತ್ತಾರೆ, ಅಲ್ಲಿ ಕಣ್ಣಿಲ್ಲದ, ಮೊಳದುದ್ದ ಹಲ್ಲಿನ ಪ್ರಾಣಿಗಳು ಒಬ್ಬೊಬ್ಬರನ್ನೇ ಹಿಡಿಯುತ್ತವೆ. ನಾನೋ, ಲಿಫ್ಟಿನಲ್ಲಿ ಲೈಟು ಹೋದರೆ ಬೆವರುವವಳು. ನೆಲದ ಕೆಳಗೆ ಹೇಗಿರುತ್ತದೆ ಎಂದು ಮಹಾದೇವಣ್ಣನನ್ನೇ ಕೇಳಿದೆ. ಅವರು ಮೊದಲು ಕಥೆ ಹೇಳಿ ಅಂದರು.

"ಅವರು ಒಳಗ ಯಾಕ ಹೊಂಟಾರ? ಯಾರ ಕಳ್ಸ್ಯಾರ?"

"ಯಾರೂ ಕಳಿಸಿಲ್ಲ ಅಣ್ಣ. ಅವರಿಗೆ ಅದು ಹವ್ಯಾಸ."

"ಪಗಾರ?"

"ಪಗಾರ ಇಲ್ಲ. ಕೈಯಿಂದ ಖರ್ಚು ಮಾಡಿಕೊಂಡು ಹೋಗ್ತಾರೆ."

ಮಹಾದೇವಣ್ಣ ಹೆಂಡತಿಯ ಕಡೆ ತಿರುಗಿದರು. "ಕೇಳ್ದೇನ? ರೊಕ್ಕಾ ಕೊಟ್ಟು ಇಳೀತಾರಂತ. ಹಂಗಾದ್ರ ನಾವೇ ಶಾಣ್ಯಾರು."

"ನೀನು ಶಾಣ್ಯಾ ಆಗಿದ್ರ ಇಷ್ಟೊತ್ತಿಗೆ ಪೋಸ್ಟ್ ಮಾಸ್ತರ ಆಗ್ತಿದ್ದಿ," ಅಂದರು ಮಾನಮ್ಮ.

ಆ ದಿನ ನನ್ನ ರಾಕ್ಷಸರನ್ನೂ ಅವರು ಒಪ್ಪಲಿಲ್ಲ. "ಹಲ್ಲು ಯಾಕ ಕೊಟ್ರಿ ಅದಕ್ಕ? ಹಲ್ಲಿದ್ದದ್ದು ಕಾಣ್ತದ, ಕಂಡ್ರ ಮನಷ್ಯಾ ಓಡ್ತಾನ. ಕೆಳಗಿರೂದು ಕಾಣೂದಿಲ್ರಿ." ಈ ಮಾತನ್ನು ನಾನು ಎತ್ತಿ ಒಂಬತ್ತನೇ ಅಧ್ಯಾಯದಲ್ಲಿ ನನ್ನ ನಾಯಕನ ಬಾಯಿಗೆ ಹಾಕಿದೆ. ಓದುಗರು ಬಹಳ ಮೆಚ್ಚಿದರು. ಕೆಳಗಿರುವುದು ಏನು ಅಂತ ಕೇಳುವಷ್ಟು ಬುದ್ಧಿ ಮಾತ್ರ ನನಗಿರಲಿಲ್ಲ.

ಹದಿನಾಲ್ಕನೇ ಅಧ್ಯಾಯದಲ್ಲಿ ನನ್ನ ಸಾಹಸಿಗಳು ದಾರಿ ತಪ್ಪಿ ಸಾಯುವ ಹೊತ್ತಿಗೆ ಒಬ್ಬಳ ಕೆನ್ನೆಗೆ ತಣ್ಣಗೆ ಏನೋ ತಾಗುತ್ತದೆ. "ಗಾಳಿ! ಒಳಗೆ ಗಾಳಿ ಇದೆ!" ಎಂದು ಕೂಗುತ್ತಾಳೆ. ಗಾಳಿ ಇದ್ದಲ್ಲಿ ಹೊರದಾರಿ ಇದ್ದೇ ಇದೆ. ಅದನ್ನು ಬರೆದು ಹಾಕಿದ ಮರುದಿನವೇ ಟ್ಯಾಂಕಿನ ಮುಚ್ಚಳ ತೆಗೆದರು.

ಸೊಸೈಟಿಯ ಸೆಕ್ರೆಟರಿ ಪುಂಡರೀಕಾಕ್ಷ ಮಾಮ. ಉಡುಪಿಯವರು, ಸ್ಟೇಷನ್ ಹತ್ತಿರ ಅವರ ಹೋಟೆಲಿದೆ. ನನ್ನ ಅಪ್ಪ ಇಪ್ಪತ್ತು ವರ್ಷ ಆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು, ಈ ಬಿಲ್ಡಿಂಗಿನಲ್ಲಿ ನಮಗೆ ಮನೆ ಕೊಡಿಸಿದವರೂ ಮಾಮನೇ. ಅವರೆದುರು ನಾನು ಇವತ್ತಿಗೂ ಫ್ರಾಕು ಹಾಕಿದ ಹುಡುಗಿ. ಅವತ್ತು ಟ್ಯಾಂಕಿನ ನೀರೆಲ್ಲ ಎಳೆದುಕೊಂಡು ಹೋಗಲು ಟ್ಯಾಂಕರು ಬಂದಿತ್ತು. ತಳದಲ್ಲಿ ಗಟ್ಟಿಯಾದ ಕೆಸರು ಪೈಪಿಗೆ ಬರುವುದಿಲ್ಲ, ಕೆರೆದು ತೆಗೆಯಬೇಕು, ಅದಕ್ಕೆ ಮನುಷ್ಯ ಬೇಕು. ಮನುಷ್ಯನನ್ನು ಇಳಿಸುವುದಕ್ಕೆ ಕಾನೂನಿನ ನಿಷೇಧವಿದೆ. ಅದು ಮಾಮನಿಗೂ ಗೊತ್ತು, ನನಗೂ ಗೊತ್ತಿತ್ತು.

ಮಹಾದೇವಣ್ಣ ಮುಚ್ಚಳದ ಬಳಿ ಮಂಡಿಯೂರಿ ಬಗ್ಗಿ ನೋಡಿದರು. ಎದ್ದು ಎರಡು ಹೆಜ್ಜೆ ಹಿಂದೆ ಬಂದರು.

"ಸಾಹೇಬ್ರ, ಒಳಗ ಗಾಳಿ ಅದ."

"ಗಾಳಿ ಉಂಟಲ್ಲ, ಮತ್ತೆಂಥ? ಇಳಿ," ಅಂದರು ಮಾಮ.

ಮಹಾದೇವಣ್ಣ ನನ್ನ ಕಡೆ ನೋಡಿದರು. ನಾನು ಅಕ್ಷಯಾಳನ್ನು ಸೊಂಟದಲ್ಲಿ ಏರಿಸಿಕೊಂಡು ಅಲ್ಲೇ ನಿಂತಿದ್ದೆ. "ಅಕ್ಕಾರ, ಗಾಳಿ ಅದರಿ ಒಳಗ," ಅಂದರು ಮತ್ತೊಮ್ಮೆ, ನಿಧಾನವಾಗಿ.

"ಗಾಳಿ ಇದ್ದರೆ ಒಳ್ಳೇದೇ ಅಲ್ವಾ ಅಣ್ಣ," ಅಂದೆ ನಾನು.

ಅವರು ನನ್ನನ್ನು ಒಂದು ಗಳಿಗೆ ಹಾಗೇ ನೋಡಿದರು. ಆಮೇಲೆ ಅಂಗಿ ಬಿಚ್ಚಿ ರೇವಣಸಿದ್ದನ ಕೈಗೆ ಕೊಟ್ಟು ಇಳಿದರು.

ಆ ನೋಟ ಯಾಕೆ ಹಾಗಿತ್ತು ಎಂದು ಗೊತ್ತಾದದ್ದು ಇವತ್ತು. ಮಾನಮ್ಮ ಹತ್ತು ದಿನದ ಮೇಲೆ ಕೆಲಸಕ್ಕೆ ಬಂದಿದ್ದರು. ಚಹಾ ಕೊಟ್ಟೆ, ಮುಟ್ಟಲಿಲ್ಲ.

"ಒಂದು ಮಾತು ಕೇಳ್ತೀನಿ ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಗಾಳಿ ಅದ ಅಂತ ಹೇಳಿದ ಮ್ಯಾಲೂ ಇಳಿ ಅಂದ್ರಿ. ಅವನು ನಿಮಗ ಏನು ಮಾಡಿದ್ದ?"

ನನಗೆ ಅರ್ಥವೇ ಆಗಲಿಲ್ಲ. ಗಾಳಿ ಅಂದರೆ ಹವೆ, ಉಸಿರಾಡುವ ಗಾಳಿ ಅಲ್ಲವಾ ಅಂದೆ. ಮಾನಮ್ಮ ನನ್ನ ಮುಖ ನೋಡಿ ಹಣೆ ಹಣೆ ಬಡಿದುಕೊಂಡರು.

"ಗಾಳಿ ಅಂದ್ರ ಮನಷ್ಯಾನ್ನ ಬಡಿಯೂದು ಅಕ್ಕಾರ. ದೆವ್ವ ಅನ್ರಿ, ವಿಷ ಅನ್ರಿ, ಏನರೇ ಅನ್ರಿ. ನಮ್ಮ ಕಡೆ ಬಾವ್ಯಾಗ ಗಾಳಿ ಅದ ಅಂದ್ರ ಕೊಡಾನೂ ಇಳಿಬಿಡೂದಿಲ್ಲ. ಅವನು ಎರಡು ಸಲ ಹೇಳ್ಯಾನ. ನೀವು ಒಳ್ಳೇದಾತು ಅಂದ್ರಿ. ಇಷ್ಟು ಓದಿದ ಹೆಣಮಗಳು, ಕೂಸು ಎತ್ಕೊಂಡಾಕಿ, ಹಂಗ ಅಂದ ಮ್ಯಾಲೆ ಇನ್ನ ಯಾರಿಗೆ ಹೇಳ್ಲಿ ಅಂತ ಇಳದಾನ."

ನಮ್ಮಜ್ಜಿ ಬದುಕಿದ್ದಿದ್ದರೆ ಅವರಿಗೆ ತಿಳಿಯುತ್ತಿತ್ತೋ ಏನೋ. ನಾನು ಮುಂಬೈಯ ಕನ್ನಡ ಶಾಲೆಯಲ್ಲಿ ಸಮಾನಾರ್ಥಕ ಪದ ಬಾಯಿಪಾಠ ಮಾಡಿದವಳು. ಗಾಳಿ, ಅನಿಲ, ಪವನ, ಮಾರುತ. ಹತ್ತಕ್ಕೆ ಹತ್ತು ಅಂಕ.

"ಅದಿರ್ಲಿ," ಅಂದರು ಮಾನಮ್ಮ ಏಳುತ್ತಾ. "ನಾಳೆ ನನ್ನ ತಮ್ಮನ್ನ ಇಳಸ್ತಾರಂತ. ಅರ್ಧಾ ಕೆಲಸ ಬಿಟ್ರ ನಿನ್ನ ಅಕ್ಕನೂ ಬರಬ್ಯಾಡ ಅಂದಾರಂತ. ಹಂಗಂತ ಹೂಂ ಅಂದಾನ. ಅವನಿಗೂ ಎರಡು ಕೂಸವ."

ನಾನು ಮಗುವನ್ನು ಎತ್ತಿಕೊಂಡು ನೇರ ಕೆಳಗೆ ಇಳಿದೆ. ಮಾಮ ಗೇಟಿನ ಹತ್ತಿರ ಪೆಂಡಾಲಿನವನಿಗೆ ಬಿದಿರಿನ ಕಂಬ ಎಲ್ಲಿ ನಿಲ್ಲಿಸಬೇಕು ಎಂದು ತೋರಿಸುತ್ತಿದ್ದರು. ಭಾನುವಾರ ಸೊಸೈಟಿಯ ಸತ್ಯನಾರಾಯಣ ಪೂಜೆ. ಗಾಳಿ ಅಂದರೆ ಏನು ಅಂತ ಅವರಿಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದರು.

"ಹೌದಾ? ನಮಗೆ ಹೇಗೆ ಗೊತ್ತಾಗ್ಬೇಕು ಅದು? ಅವನ ಭಾಷೆಯೇ ಹಾಗೆ. ನಾಳೆ ಬರುವವನಿಗೆ ಹಿಂದಿ ಬರ್ತದೆ, ಸಮಸ್ಯೆ ಇಲ್ಲ."

"ಭಾಷೆಯ ಮಾತಲ್ಲ ಮಾಮ. ಒಳಗೆ ವಿಷ ಇದೆ. ಯಾರನ್ನೂ ಇಳಿಸಬಾರದು. ಮೆಷಿನ್ ತರಿಸಿ."

"ಮೆಷಿನ್ ದೊಡ್ಡ ಗಾಡಿ ಮಾರಾಯ್ತಿ. ಹದಿನೆಂಟು ಕಾರು ತೆಗೆಸ್ಬೇಕು ಗಲ್ಲಿಯಿಂದ, ಯಾರು ತೆಗೀತಾರೆ? ಆದಿತ್ಯವಾರ ಪೂಜೆ ಉಂಟು. ಈ ನಾತದಲ್ಲಿ ಭಟ್ರು ಕೂರ್ತಾರಾ?"

"ಹದಿನೆಂಟು ಕಾರಿಗೆ ಒಬ್ಬ ಮನುಷ್ಯ."

ಮಾಮ ನಕ್ಕರು, ಬೈಯಲಿಲ್ಲ. "ನೀನು ಭೂತದ ಕಥೆ ಬರೀತಿಯಂತಲ್ಲ, ನಮ್ಮನೆಯವಳು ಓದ್ತಾಳೆ. ಅದನ್ನು ಅಲ್ಲೇ ಬರಿ. ಮತ್ತೆ ಅವತ್ತು ಒಳ್ಳೇದು ಅಂದದ್ದು ನೀನೇ. ಗ್ರೂಪಿಗೆ ಹಾಕಿದ್ದೇನೆ, ನೋಡಿದ್ದಿಯಲ್ಲ? ನಿನ್ನಪ್ಪ ನನ್ನೆದುರು ಒಂದು ದಿನ ಹೀಗೆ ಮಾತಾಡಿದವರಲ್ಲ."

ನೋಡಿದ್ದೆ. ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಘಟನೆಯಾದ ದಿನವೇ ಅವರು ಮರಾಠಿಯಲ್ಲಿ ಬರೆದಿದ್ದರು. ಒಳಗೆ ಗಾಳಿಯಿದೆ ಎಂದು ಕೆಲಸಗಾರನೇ ಹೇಳಿ ಸ್ವಂತ ಇಚ್ಛೆಯಿಂದ ಇಳಿದನು, ಮೂರನೇ ಮಾಳಿಗೆಯ ಸುಮೇಧಾ ಸಾಕ್ಷಿಯಾಗಿದ್ದರು. ಸುಮೇಧಾ ಅಂದರೆ ನಾನು. ಕೆಳಗೆ ಒಪ್ಪಿಗೆ ಸೂಚಿಸುವ ಮೂವತ್ತೊಂದು ಹೆಬ್ಬೆರಳು. ಅವತ್ತು ನಾನು ಅದನ್ನು ಓದಿ, ನನಗೇನೂ ತೊಂದರೆಯಾಗಲಿಲ್ಲವಲ್ಲ ಎಂದು ಸಮಾಧಾನ ಪಟ್ಟಿದ್ದೆ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಮನೆಗೆ ಬಂದು ಬಾಗಿಲು ಹಾಕಿ ಕೂತೆ. ನನ್ನ ಕಾದಂಬರಿಯ ನಾಲ್ವರಿಗೆ ತಲೆಗೆ ಹೆಲ್ಮೆಟ್ಟು, ಎದೆಗೆ ದೀಪ, ವಿಷಾನಿಲ ಅಳೆಯುವ ಯಂತ್ರ, ಬೆನ್ನಿಗೆ ಆಮ್ಲಜನಕ, ಒಂದೊಂದನ್ನೂ ಇಂಟರ್ನೆಟ್ಟಿನಲ್ಲಿ ಹುಡುಕಿ ಹುಡುಕಿ ಕೊಟ್ಟಿದ್ದೆ. ಇಲ್ಲದ ಜನಕ್ಕೆ ಎಷ್ಟು ಕಾಳಜಿ ಮಾಡಿದ್ದೆ. ನನ್ನ ಅಡಿಗೆಮನೆಯಲ್ಲಿ ಚಹಾ ಕುಡಿದು ಕಪ್ಪು ತೊಳೆದಿಟ್ಟು ಹೋಗುವ ಮನುಷ್ಯನಿಗೆ ಒಂದು ನೈಲಾನ್ ಹಗ್ಗ. ಅದೂ ಪೆಂಡಾಲಿನದು. ಓದುಗರು ಮುಂದಿನ ಅಧ್ಯಾಯ ಎಲ್ಲಿ ಎಂದು ಕೇಳುತ್ತಿದ್ದಾರೆ. ಎಲ್ಲಿಯೂ ಇಲ್ಲ.

ಗಂಡನಿಗೆ ಮೆಸೇಜು ಮಾಡಿದರೆ, ಬಾಡಿಗೆ ಮನೆಯಲ್ಲವಲ್ಲ, ಇಲ್ಲೇ ಬಾಳಬೇಕು, ಯೋಚಿಸಿ ಮಾಡು ಅಂದ. ಯೋಚಿಸಿದೆ. ನಾಳೆಯಿಂದ ಲಿಫ್ಟಿನಲ್ಲಿ ಯಾರೂ ಮಾತಾಡಲಿಕ್ಕಿಲ್ಲ. ಅಕ್ಷಯಾಳನ್ನು ಯಾರ ಮನೆಯ ಹುಟ್ಟುಹಬ್ಬಕ್ಕೂ ಕರೆಯಲಿಕ್ಕಿಲ್ಲ. ಅಪ್ಪ ಊರಿಂದ ಫೋನು ಮಾಡಿ ನನ್ನ ಮರ್ಯಾದೆ ತೆಗೆದೆ ಅನ್ನಬಹುದು. ಯೋಚಿಸಿದಷ್ಟೂ ಹೆದರಿಕೆಯಾಗುತ್ತದೆ. ಜೊತೆಗೆ ಸಿಟ್ಟೂ ಏರುತ್ತದೆ, ಹದಿನೆಂಟು ಕಾರು ಪಕ್ಕಕ್ಕೆ ಸರಿಸಲಾಗದ ಈ ಮೂವತ್ತೊಂದು ಹೆಬ್ಬೆರಳುಗಳ ಮೇಲೆ.

ಮಗು ಎದ್ದು ಹಾಲು ಕೇಳಿತು. ಕೊಟ್ಟು, ಪಾಲಿಕೆಯ ದೂರಿನ ನಂಬರು ಒತ್ತಿದೆ. ಮೂರು ಸಲ ಕಟ್ಟಾಯಿತು. ನಾಲ್ಕನೆಯ ಸಲ ಒಬ್ಬ ಹೆಂಗಸು ಎತ್ತಿದಳು. ಮರಾಠಿಯಲ್ಲಿ ಎಲ್ಲ ಹೇಳಿದೆ: ಹತ್ತು ದಿನದ ಹಿಂದೆ ಆದದ್ದು, ನಾಳೆ ಹತ್ತಕ್ಕೆ ಆಗಲಿರುವುದು, ಬಿಲ್ಡಿಂಗಿನ ವಿಳಾಸ. ಅವಳು ಬರೆದುಕೊಂಡಳು. ದೂರು ಕೊಡುವವರ ಹೆಸರು ಹೇಳದಿದ್ದರೂ ನಡೆಯುತ್ತದೆ ಅಂದಳು.

"ಬರೆಯಿರಿ. ಸುಮೇಧಾ, ಮೂರನೇ ಮಾಳಿಗೆ. ಅವತ್ತು ಪಕ್ಕದಲ್ಲೇ ನಿಂತಿದ್ದೆ ಅಂತಲೂ ಬರೆಯಿರಿ."

"ಇಳಿಸುತ್ತಿರುವುದು ಯಾರು?"

"ನಮ್ಮ ಸೆಕ್ರೆಟರಿ."

"ಹೆಸರು?"

"ಪುಂಡರೀಕಾಕ್ಷ," ಅಂದೆ. ಅವಳಿಗೆ ತಿಳಿಯಲಿಲ್ಲ, ಮತ್ತೆ ಕೇಳಿದಳು. ಒಂದೊಂದೇ ಅಕ್ಷರ ಬಿಡಿಸಿ ಬರೆಸತೊಡಗಿದೆ.