ಕಮಾಂಡೊ ಆಗದೆ ಬಂದ ಮಗ

“ಅವ್ವಾ, ನಿಮ್ಮ ಮಗನಿಂದ ನಾ ಕಮಾಂಡೊ ಆದೆ ನೋಡ್ರಿ.”

ಚೋರನೂರಿನ ಸಣಕಲು ಸೈನಿಕ ನನ್ನ ಕಾಲು ಮುಟ್ಟಿ ಹೀಗೆಂದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಅವನೂ ನನ್ನ ಮಗನೂ ಕಮಾಂಡೊ ಆಯ್ಕೆಯ ತರಬೇತಿಗೆ ಒಟ್ಟಿಗೆ ಹೋಗಿದ್ದರು. ಮಗ ಅರ್ಧಕ್ಕೇ ಬಿಟ್ಟು ಬಂದಿದ್ದ.

“ನಾ ನಡಿಯಾಕ ಆಗದ ಕುಂತಾಗ ನನ್ನ ಚೀಲನೂ ಈತನೇ ಹೊತ್ತ. ಇಂಥಾವ ಯಾಕ ಬಿಟ್ಟ ಅಂತ ತರಬೇತಿ ಕೊಡೋ ಉಸ್ತಾದರು ಈಗಲೂ ಕೇಳ್ತಾರ್ರಿ.”

“ಗದ್ದಿ ಕೆಸರು ಕರೀತಲೇ, ಬಂದೆ. ಚಾ ಕುಡಿ,” ಎಂದು ಮಗ ನಕ್ಕ. ನನ್ನ ಕಡೆ ನೋಡಲಿಲ್ಲ.

ಆ ತರಬೇತಿಯಲ್ಲಿ ಜೀವ ಹೋಗುವುದೂ ಉಂಟೆಂದು ಕಮಲಾಪುರದ ಸಂತೆಯಲ್ಲಿ ಯಾರೋ ಹೇಳಿದ್ದರು. ಹೆದರಿದ ನಾನು, ನನಗೆ ವಿಪರೀತ ಜ್ವರ, ಕೊನೆಗೊಮ್ಮೆ ಮುಖ ತೋರಿಸು ಎಂದು ಸುಳ್ಳು ಫೋನ್ ಮಾಡಿಸಿದೆ. ಅವನು ಬುಕ್ಕಸಾಗರಕ್ಕೆ ಓಡಿ ಬಂದಾಗ ನಾನು ಗದ್ದೆಯಲ್ಲಿ ಭತ್ತದ ನಾಟಿ ಮಾಡುತ್ತಿದ್ದೆ. ಬಹಳ ಹೊತ್ತು ಬದುವಿನ ಮೇಲೆ ನಿಂತು ನೋಡಿದ. ಆಮೇಲೆ ಚೀಲ ಇಳಿಸಿ, ಪ್ಯಾಂಟು ಮಡಚಿ, ಒಂದು ಕಟ್ಟು ಸಸಿ ಹಿಡಿದು ಕೆಸರಿಗಿಳಿದ.

ಮೊಮ್ಮಕ್ಕಳೇ, ನಿಮ್ಮಪ್ಪನ ಕೈಲಾಗಲಿಲ್ಲ ಎಂದು ಊರು ಆಡಿಕೊಂಡಾಗಲೆಲ್ಲ ನಾನು ಬಾಯಿ ಬಿಡಲಿಲ್ಲ. ಜ್ವರದ ಮಾತನ್ನು ಅವನು ಇವತ್ತಿನವರೆಗೂ ಎತ್ತಿಲ್ಲ.